ದೂರಬೇಕಾದದ್ದು ದುಡ್ಡನ್ನು, ಆ ಮಕ್ಕಳನ್ನಲ್ಲ

2015ರ ನವೆಂಬರಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಮೆಸ್ಸಿನ ಊಟ ಸರಿಯಿಲ್ಲ ಎಂದು ದೂರಿದರು. ವಿಯೆಟ್ನಾಮಿನ 'ಬಾನ್ ಮೀ' ಎಂದು ಫಲಕ ಹಾಕಿ, ಅದರ ಗರಿಗರಿ ಬ್ರೆಡ್ಡಿನ ಬದಲು ಇಟಲಿಯ ಚಿಯಬಾಟ ಬ್ರೆಡ್ಡಿಗೆ ಹಂದಿಮಾಂಸವನ್ನೂ ಕೋಲ್‌ಸ್ಲಾವನ್ನೂ ತುಂಬಿ ಬಡಿಸಿದ್ದರು. ಸುಶಿಯ ಅನ್ನ ಸರಿಯಾಗಿ ಬೆಂದಿರಲಿಲ್ಲ. ದೂರಿದವರಲ್ಲಿ ವಿಯೆಟ್ನಾಮಿನಿಂದ, ಜಪಾನಿನಿಂದ ಬಂದ ವಿದ್ಯಾರ್ಥಿಗಳೇ ಇದ್ದರು. ಕಾಲೇಜಿನ ವಿದ್ಯಾರ್ಥಿ ಪತ್ರಿಕೆ 'ಓಬರ್ಲಿನ್ ರಿವ್ಯೂ' ಇದನ್ನು ವರದಿ ಮಾಡಿತು. ಮೆಸ್ ನಡೆಸುವ ಕಂಪನಿಯವರು ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಿದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಡಿಸೆಂಬರ್ ಹೊತ್ತಿಗೆ ಸುದ್ದಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ಮುಟ್ಟಿತು. ಅಲ್ಲಿಂದ ಟಿವಿಗೆ, ಅಲ್ಲಿಂದ ಸಮುದ್ರ ದಾಟಿ ನಮ್ಮ ಮೊಬೈಲುಗಳಿಗೂ ಬಂತು. ಊಟದ ದೂರು ಒಂದು ಇಡೀ ತಲೆಮಾರಿನ ಮೇಲಿನ ತೀರ್ಪಾಯಿತು. ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನ ಮಕ್ಕಳೆಂದರೆ ಹೀಗೇ: ಮುಟ್ಟಿದರೆ ಮುನಿಯುವವರು, ಎಲ್ಲದರಲ್ಲೂ ಅವಮಾನ ಹುಡುಕುವವರು, ಬೇರೆಯವರ ಮಾತು ಕೇಳಲಾರದವರು, ಕೆಲಸಕ್ಕೆ ಬಾರದ್ದನ್ನು ಓದಿ ಅಪ್ಪನ ದುಡ್ಡು ಕರಗಿಸುವವರು.

ಈ ಹಣೆಪಟ್ಟಿಯಲ್ಲಿ ಬರೆದಿರುವುದರಲ್ಲಿ ಬಹುಪಾಲು ಸುಳ್ಳು ಎಂದು ನಾನು ಹೇಳುತ್ತೇನೆ. ನಿಜವಿರುವುದು ಕೊನೆಯದರ ಅರ್ಧ ಭಾಗದಲ್ಲಿ ಮಾತ್ರ, ಅಪ್ಪನ ದುಡ್ಡಿನ ಮಾತಿನಲ್ಲಿ. ಆ ನಿಜದ ಬಗ್ಗೆ ಮಾತ್ರ ಯಾರಿಗೂ ಸಿಟ್ಟು ಬರುತ್ತಿಲ್ಲ.

ಊಟದ ವಿಷಯವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಯಾವುದೋ ಹಾಸ್ಟೆಲ್ಲಿನಲ್ಲಿ ಅನ್ನಕ್ಕೆ ಟೊಮೆಟೊ ಸಾಸ್ ಕಲಸಿ ಬಿಸಿಬೇಳೆಬಾತ್ ಎಂದು ಬಡಿಸಿದರೆ ನಮ್ಮ ಮಕ್ಕಳು ಸುಮ್ಮನಿರುತ್ತಾರೆಯೇ? ವಾರ್ಡನ್ ಬಳಿ ಹೋಗುತ್ತಾರೆ, ಜಗಳ ಕಾಯುತ್ತಾರೆ. ಅದನ್ನು ನಾವು ಹಾಸ್ಟೆಲ್ ಜಗಳ ಎನ್ನುತ್ತೇವೆಯೇ ಹೊರತು ನಾಗರಿಕತೆಯ ಪತನ ಎನ್ನುವುದಿಲ್ಲ. ಓಬರ್ಲಿನ್ನಿನ ಕೆಲವರು ಇದು ತಮ್ಮ ಸಂಸ್ಕೃತಿಯನ್ನು ಕಸಿದುಕೊಂಡು ಕೆಡಿಸಿದಂತೆ ಎಂದು ದೊಡ್ಡ ಮಾತಾಡಿದ್ದು ಹೌದು. ಬೇಯದ ಅನ್ನಕ್ಕೆ ಅಷ್ಟು ಭಾರದ ಮಾತು ಬೇಡವಿತ್ತು. ಆದರೆ ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ತನ್ನ ಅಮ್ಮನ ಅಡುಗೆಯ ಹೆಸರಿನಲ್ಲಿ ಬೇರೇನನ್ನೋ ತಟ್ಟೆಯಲ್ಲಿ ಕಂಡ ಹದಿನೆಂಟರ ಮಗು ಒಂದು ಮಾತು ಹೆಚ್ಚಾಡಿದ್ದನ್ನು ಜಗತ್ತಿನ ಮುಂದೆ ಎಳೆದು ನಿಲ್ಲಿಸಿದ ಹಿರಿಯರ ನಡತೆ ನನಗೆ ಅದಕ್ಕಿಂತ ನಾಚಿಕೆಗೇಡಿನದಾಗಿ ಕಾಣುತ್ತದೆ.

ಇದಕ್ಕಿಂತ ಗಂಭೀರವಾದದ್ದು ಗಿಬ್ಸನ್ಸ್ ಬೇಕರಿಯ ಪ್ರಕರಣ. ಓಬರ್ಲಿನ್ ಊರಿನಲ್ಲಿ 1885ರಿಂದ ನಡೆದುಬಂದ ಅಂಗಡಿ ಅದು. 2016ರ ನವೆಂಬರ್ 9ರಂದು, ಟ್ರಂಪ್ ಗೆದ್ದ ಚುನಾವಣೆಯ ಮರುದಿನ, ಕಪ್ಪು ವಿದ್ಯಾರ್ಥಿಯೊಬ್ಬ ಸುಳ್ಳು ಗುರುತಿನ ಚೀಟಿ ತೋರಿಸಿ ವೈನ್ ಕೊಳ್ಳಲು ಹೋದ. ಎರಡು ಬಾಟಲಿ ಕದಿಯುತ್ತಿದ್ದಾನೆಂದು ಅಂಗಡಿಯ ಮನೆತನದವರೊಬ್ಬರು ಬೆನ್ನಟ್ಟಿದರು, ಬೀದಿಯಲ್ಲಿ ಹೊಡೆದಾಟವಾಯಿತು, ಮೂವರು ವಿದ್ಯಾರ್ಥಿಗಳ ಬಂಧನವಾಯಿತು. ಮರುದಿನ ನೂರಾರು ಜನ ಅಂಗಡಿಯ ಮುಂದೆ ನಿಂತು ಇದು ಜನಾಂಗದ್ವೇಷದ ಅಂಗಡಿ ಎಂದು ಕೂಗಿದರು. 2017ರ ಆಗಸ್ಟಿನಲ್ಲಿ ಆ ಮೂವರೂ ತಪ್ಪೊಪ್ಪಿಕೊಂಡರು, ಅಂಗಡಿಯವರು ಬಣ್ಣ ನೋಡಿ ನಡೆದುಕೊಂಡಿರಲಿಲ್ಲ ಎಂದೂ ಹೇಳಿದರು. ಬೇಕರಿಯವರು ಮೊಕದ್ದಮೆ ಹೂಡಿದರು. 2019ರಲ್ಲಿ ಜ್ಯೂರಿ ಕೊಟ್ಟ ಪರಿಹಾರ ಕೋಟಿಗಟ್ಟಲೆ ಡಾಲರ್. ಮೇಲ್ಮನವಿಗಳೆಲ್ಲ ಸೋತ ಮೇಲೆ 2022ರಲ್ಲಿ ಕಾಲೇಜು 3.6 ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟಿತು.

ಒಂದು ಮನೆತನದ ಹೆಸರಿಗೆ ಮಸಿ ಬಳಿದದ್ದು ಅನ್ಯಾಯ. ಪ್ರತಿಭಟಿಸಿದ ವಿದ್ಯಾರ್ಥಿಗಳು ವಿಚಾರಿಸದೆ ತೀರ್ಮಾನ ಕೊಟ್ಟರು, ಕರಪತ್ರ ಬರೆದರು, ವಿದ್ಯಾರ್ಥಿ ಸೆನೆಟ್ಟಿನಲ್ಲಿ ನಿರ್ಣಯ ಮಾಡಿದರು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಮೊಕದ್ದಮೆಯ ಪ್ರತಿವಾದಿಗಳು ಯಾರು? ಕಾಲೇಜು ಮತ್ತು ಅದರ ಡೀನ್. ಒಬ್ಬ ವಿದ್ಯಾರ್ಥಿಯೂ ಅಲ್ಲ. ಬೀದಿಯಲ್ಲಿ ಕೂಗಿದ ಘೋಷಣೆಗಳನ್ನು ನ್ಯಾಯಾಲಯ ಅಭಿಪ್ರಾಯವೆಂದು ಪರಿಗಣಿಸಿ ಬಿಟ್ಟಿತು. ಕರಪತ್ರ ಹರಡಲು ಕಾಲೇಜಿನವರು ಕೈಜೋಡಿಸಿದ್ದಕ್ಕೆ ಶಿಕ್ಷೆಯಾಯಿತು. ಬೇಕರಿಯಿಂದ ದಿನಾ ತರಿಸುತ್ತಿದ್ದ ತಿನಿಸನ್ನು ನಿಲ್ಲಿಸಿದ್ದೂ ಕಾಲೇಜೇ. ಇಪ್ಪತ್ತರ ಹುಡುಗರು ಉದ್ವೇಗದಲ್ಲಿದ್ದಾಗ ತಡೆದು, ವಿಚಾರಿಸಿ, ಬುದ್ಧಿ ಹೇಳಬೇಕಾದ ಹಿರಿಯರು ಮಕ್ಕಳ ಮುಂದೆ ಒಳ್ಳೆಯವರಾಗಲು ಹೋಗಿ ಸಂಸ್ಥೆಯನ್ನೇ ಕೋರ್ಟಿನ ಕಟಕಟೆಗೆ ತಂದರು. ತೀರ್ಪು ಆಡಳಿತದ ಮೇಲೆ ಬಂತು, ಹೆಸರು ಕೆಟ್ಟದ್ದು ಮಕ್ಕಳದು. ಅಂದು ಆ ಬೀದಿಗೆ ಕಾಲಿಡದವರಿಗೂ, ಆಮೇಲೆ ಸೇರಿದವರಿಗೂ ಈ ಕಳಂಕ ಅಂಟಿತು.

ಓಬರ್ಲಿನ್ನಿನವರು ಆವೇಶದ ಜನ ಎಂಬ ಮಾತು ಹೊಸದಲ್ಲ. 1833ರಲ್ಲಿ ಶುರುವಾದ ಈ ಕಾಲೇಜು 1835ರಲ್ಲೇ ಕಪ್ಪು ಜನರನ್ನು ಸೇರಿಸಿಕೊಳ್ಳಲು ತೀರ್ಮಾನಿಸಿತು, 1841ರಲ್ಲಿ ಮೂವರು ಹೆಣ್ಣುಮಕ್ಕಳಿಗೆ ಗಂಡಸರಿಗೆ ಸಮನಾದ ಪದವಿ ಕೊಟ್ಟಿತು. 1858ರ ಸೆಪ್ಟೆಂಬರಿನಲ್ಲಿ ಜಾನ್ ಪ್ರೈಸ್ ಎಂಬ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದವನನ್ನು ಹಿಡಿದು ಒಯ್ಯುತ್ತಿದ್ದಾಗ ಇಲ್ಲಿನ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಊರಿನವರು ಪಕ್ಕದ ವೆಲ್ಲಿಂಗ್ಟನ್ನಿಗೆ ನುಗ್ಗಿ ಬಿಡಿಸಿಕೊಂಡು ಬಂದರು. ಆತ ಕೆನಡಾ ಸೇರಿದ. ಮೂವತ್ತೇಳು ಮಂದಿಯ ಮೇಲೆ ದೋಷಾರೋಪಣೆಯಾಯಿತು. ಅಂದಿನ ಕಾನೂನಿನ ಕಣ್ಣಲ್ಲಿ ಅವರು ಅಪರಾಧಿಗಳು. ನ್ಯಾಯಕ್ಕಾಗಿ ಕುದಿಯುವ ವಯಸ್ಸು ಒಮ್ಮೊಮ್ಮೆ ಗುರಿ ತಪ್ಪುತ್ತದೆ, ಬೇಕರಿಯ ಮುಂದೆ ತಪ್ಪಿತು. ಅದಕ್ಕಾಗಿ ಆ ಕುದಿತವನ್ನೇ ರೋಗ ಎನ್ನುವವರ ಜೊತೆ ನಾನಿಲ್ಲ.

ಬೇರೆಯವರ ಮಾತು ಕೇಳಲಾರದವರು ಎಂಬ ದೂರಿಗೆ ಎಲ್ಲರೂ ಕೊಡುವ ಉದಾಹರಣೆ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿರುವ ರೀಡ್ ಕಾಲೇಜು. ಮೊದಲ ವರ್ಷದವರೆಲ್ಲ ಓದಲೇಬೇಕಾದ ಮಾನವಿಕ ಪಾಠಕ್ರಮದಲ್ಲಿ ಗ್ರೀಸ್, ರೋಮ್‌ಗಳದೇ ಮೇಲುಗೈ ಎಂದು 2016ರಲ್ಲಿ ಪ್ರತಿಭಟನೆ ಆರಂಭವಾಯಿತು. ಪ್ರತಿಭಟನಕಾರರು ಫಲಕ ಹಿಡಿದು ಉಪನ್ಯಾಸದ ಉದ್ದಕ್ಕೂ ವೇದಿಕೆಯ ಬಳಿ ಇರುತ್ತಿದ್ದರು. 2017ರಲ್ಲಿ ತರಗತಿ ರದ್ದಾದದ್ದೂ ಉಂಟು. ಅಲ್ಲಿನ ಅಧ್ಯಾಪಕಿಯೊಬ್ಬರು ಇನ್ನು ಮೌನವಾಗಿರಲಾರೆ ಎಂದು 'ವಾಷಿಂಗ್ಟನ್ ಪೋಸ್ಟ್'ನಲ್ಲಿ ಬರೆದರು. ಅವರು ಬರೆದದ್ದು ಸರಿ. ಪಾಠ ಕೇಳಲು ಬಂದವರಿಗೆ ಪಾಠ ಸಿಗಬೇಕು.

ಆದರೆ ಆ ಕಥೆಯ ಮುಂದಿನ ಭಾಗ ಯಾರ ಬಾಯಲ್ಲೂ ಬರುವುದಿಲ್ಲ. ಪ್ರತಿಭಟನೆಯನ್ನು ಎದುರಿಸಿದವರಲ್ಲಿ ಮುಂದಿದ್ದವರು ಅದೇ ಕಾಲೇಜಿಗೆ 2017ರಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳು. ಅವರಲ್ಲಿ ಬಿಳಿಯರಲ್ಲದವರೂ ಅನೇಕರಿದ್ದರು. ನಾವು ಕಲಿಯಲು ಬಂದಿದ್ದೇವೆ, ಪಾಠ ನಡೆಯಲಿ ಎಂದು ತಮ್ಮ ಹಿರಿಯ ವಿದ್ಯಾರ್ಥಿಗಳಿಗೆ ಎದುರು ನಿಂತು ಹೇಳಿದರು. ಪಾಠಕ್ರಮವನ್ನು ಅಧ್ಯಾಪಕರು ಮತ್ತೆ ಪರಿಶೀಲಿಸಿ, ಮೆಕ್ಸಿಕೊ ನಗರವನ್ನೂ ನ್ಯೂಯಾರ್ಕಿನ ಹಾರ್ಲೆಮ್ಮನ್ನೂ ಸೇರಿಸಿದರು. ಒಂದೇ ಕಾಲೇಜಿನಲ್ಲಿ, ಒಂದೇ ವಯಸ್ಸಿನವರಲ್ಲಿ ಕೂಗುವವರೂ ಇದ್ದರು, ಕೂಗಬೇಡಿ ಎನ್ನುವವರೂ ಇದ್ದರು. ಹಣೆಪಟ್ಟಿ ಬರೆಯುವವರು ಮೊದಲಿನವರನ್ನು ಮಾತ್ರ ಎಣಿಸಿದರು. ಒಟ್ಟು ಸಾವಿರದ ನಾನೂರೋ ಐನೂರೋ ಮಂದಿ ಓದುವ ಕಾಲೇಜಿನಲ್ಲಿ ಹತ್ತಾರು ಜನ ವೇದಿಕೆ ಹತ್ತಿದರೂ ಅದೇ ಇಡೀ ಕಾಲೇಜಿನ ಮುಖವಾಗಿಬಿಡುತ್ತದೆ. ನಲವತ್ತು ಸಾವಿರ ಜನ ಓದುವ ವಿಶ್ವವಿದ್ಯಾಲಯಕ್ಕೆ ಈ ಗತಿ ಬರುವುದಿಲ್ಲ.

ಅದೇ ರೀಡ್ ಕಾಲೇಜಿನಲ್ಲಿ 1968ರಿಂದ ಒಂದು ಸಂಶೋಧನಾ ಪರಮಾಣು ರಿಯಾಕ್ಟರ್ ಇದೆ. ಅದನ್ನು ಮುಖ್ಯವಾಗಿ ನಡೆಸುವವರು ಪದವಿ ವಿದ್ಯಾರ್ಥಿಗಳು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರು. ಭೌತಶಾಸ್ತ್ರದವರೇ ಆಗಬೇಕೆಂದಿಲ್ಲ, ಸಾಹಿತ್ಯ, ಇತಿಹಾಸ ಓದುವವರಿಗೂ ಅವಕಾಶವಿದೆ. ಮಾತು ಸಹಿಸಲಾರರು, ಜವಾಬ್ದಾರಿ ಹೊರಲಾರರು ಎಂದು ನಾವು ಬೈಯುವ ಮಕ್ಕಳ ಕೈಗೆ ಆ ದೇಶದ ಸರ್ಕಾರ ರಿಯಾಕ್ಟರಿನ ಕಂಟ್ರೋಲ್ ಕೊಟ್ಟಿದೆ.

ಓದಿ ಏನು ಪ್ರಯೋಜನ ಎಂಬ ಪ್ರಶ್ನೆ ನಮ್ಮಲ್ಲೂ ಗಟ್ಟಿ. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡ ಎಂದರೆ ಮಾರ್ಕ್ಸ್ ಬಂದಿಲ್ಲ ಎಂದೇ ನೆಂಟರಿಷ್ಟರು ಅರ್ಥ ಮಾಡಿಕೊಳ್ಳುವ ನಾಡು ನಮ್ಮದು. ಅಮೆರಿಕದ ಈ ಕಾಲೇಜುಗಳಲ್ಲಿ ವಿಜ್ಞಾನ, ಗಣಿತ, ಸಾಹಿತ್ಯ, ಸಂಗೀತ ಎಲ್ಲವೂ ಒಂದೇ ಅಂಗಳದಲ್ಲಿ ನಡೆಯುತ್ತವೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಅಗ್ಗದಲ್ಲಿ ಅಲ್ಯೂಮಿನಿಯಂ ತೆಗೆಯುವ ವಿದ್ಯುತ್ ವಿಧಾನವನ್ನು 1886ರಲ್ಲಿ ಕಂಡುಹಿಡಿದ ಚಾರ್ಲ್ಸ್ ಮಾರ್ಟಿನ್ ಹಾಲ್ ಓಬರ್ಲಿನ್ನಿನಲ್ಲಿ ಅದರ ಹಿಂದಿನ ವರ್ಷವಷ್ಟೇ ಪದವಿ ಮುಗಿಸಿದ್ದ. ಮಿದುಳಿನ ಎಡ, ಬಲ ಭಾಗಗಳ ಕೆಲಸ ತಿಳಿಸಿ 1981ರಲ್ಲಿ ನೊಬೆಲ್ ಪಡೆದ ರೋಜರ್ ಸ್ಪೆರಿ ಅಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ನಮ್ಮ ಮೈಸೂರಿನ ಎ. ಕೆ. ರಾಮಾನುಜನ್ ಶಿಕಾಗೊ ವಿಶ್ವವಿದ್ಯಾಲಯದ ಜೊತೆಗೆ ಮಿನೆಸೋಟದ ಕಾರ್ಲ್ಟನ್ ಎಂಬ ಇಂಥದೇ ಸಣ್ಣ ಕಾಲೇಜಿನಲ್ಲೂ ಪಾಠ ಮಾಡಿದವರು.

ಬೆಂಗಳೂರಿನವರು ತಿಳಿಯಲೇಬೇಕಾದ ಹೆಸರು ರಾಬರ್ಟ್ ನಾಯ್ಸ್. ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬ, ಇಂಟಿಗ್ರೇಟೆಡ್ ಸರ್ಕ್ಯೂಟ್ ರೂಪಿಸಿದವರಲ್ಲೊಬ್ಬ. ಓದಿದ್ದು ಅಯೋವಾ ರಾಜ್ಯದ ಗ್ರಿನ್ನೆಲ್ ಕಾಲೇಜಿನಲ್ಲಿ. ಅಲ್ಲಿನ ಭೌತಶಾಸ್ತ್ರದ ಮೇಷ್ಟ್ರು ಗ್ರಾಂಟ್ ಗೇಲ್ ಬೆಲ್ ಲ್ಯಾಬ್ಸ್‌ನಿಂದ ಆಗಷ್ಟೇ ಹುಟ್ಟಿದ್ದ ಟ್ರಾನ್ಸಿಸ್ಟರುಗಳನ್ನು ತರಿಸಿ ವಿದ್ಯಾರ್ಥಿಗಳಿಗೆ ತೋರಿಸಿದ್ದರು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಇನ್ನೂ ಟ್ರಾನ್ಸಿಸ್ಟರನ್ನು ಸರಿಯಾಗಿ ಕಾಣದ ಕಾಲ. ಅದೇ ನಾಯ್ಸ್ ಒಂದು ಪಾರ್ಟಿಗಾಗಿ ಊರಿನ ಮೇಯರ್ ಸಾಕಿದ್ದ ಹಂದಿ ಕದ್ದ. ಕೃಷಿಯೇ ಉಸಿರಾದ ಅಯೋವಾದಲ್ಲಿ ಅದು ಜೈಲಿಗೆ ಹಾಕುವಂಥ ಅಪರಾಧ. ಮೇಷ್ಟ್ರು ಅವನ ಪರ ನಿಂತರು, ಒಂದು ಸೆಮಿಸ್ಟರ್ ಅಮಾನತಿನಲ್ಲಿ ಮುಗಿಯಿತು, 1949ರಲ್ಲಿ ಪದವಿ ಪಡೆದ. ಶಿಕ್ಷೆ ಆಯಿತು, ಬಾಳು ಉಳಿಯಿತು. ಇಂದಿನ ಮಗುವಿಗೆ ಆ ಅನುಕೂಲ ಇಲ್ಲ. ತಪ್ಪು ಮಾಡಿದ ಸಂಜೆಯೇ ಅದು ದೇಶದ ಚರ್ಚೆಯಾಗುತ್ತದೆ, ಅವನ ಕಾಲೇಜಿನವರೆಲ್ಲರ ಸ್ವಭಾವ ಅದೇ ಎಂದು ಷರಾ ಬೀಳುತ್ತದೆ.

ಇನ್ನು ದುಡ್ಡಿನ ಮಾತು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2017ರಲ್ಲಿ ಕೋಟ್ಯಂತರ ವಿದ್ಯಾರ್ಥಿಗಳ ತೆರಿಗೆ ದಾಖಲೆ ಆಧರಿಸಿದ ಅಧ್ಯಯನ ಪ್ರಕಟಿಸಿದರು. ಅಮೆರಿಕದ 38 ಕಾಲೇಜುಗಳಲ್ಲಿ, ಆದಾಯದಲ್ಲಿ ಕೆಳಗಿನ ಶೇ. 60ರಷ್ಟು ಮನೆಗಳ ಮಕ್ಕಳೆಲ್ಲರನ್ನು ಸೇರಿಸಿದರೂ, ತುತ್ತತುದಿಯ ಶೇ. 1ರ ಮನೆಗಳಿಂದ ಬಂದವರೇ ಹೆಚ್ಚಿದ್ದರು. ಆ ಪಟ್ಟಿಯಲ್ಲಿ ಕೊಲರಾಡೊ ಕಾಲೇಜು, ಕೋಲ್ಬಿ, ಕೆನ್ಯನ್, ಮಿಡಲ್‌ಬರಿಯಂಥ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು ಸಾಲಾಗಿವೆ. ಕೊಲರಾಡೊ ಕಾಲೇಜಿನಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರು ಆ ಶೇ. 1ರವರಾಗಿದ್ದರು. ಓಬರ್ಲಿನ್ನಿನಂಥ ಕಡೆ ಬೋಧನೆ, ವಸತಿ, ಊಟ ಸೇರಿ ವರ್ಷದ ಪಟ್ಟಿ ಬೆಲೆ 80,000 ಡಾಲರ್ ದಾಟಿದೆ. ನೆರವು ಪಡೆದು ಕಡಿಮೆ ಕಟ್ಟುವವರು ಬಹಳ ಇದ್ದಾರೆ, ನಿಜ. ವಿದೇಶದಿಂದ ಅರ್ಜಿ ಹಾಕುವವರ ಹಣದ ಶಕ್ತಿಯನ್ನು ನೋಡದೆ ಸೀಟು ಕೊಡುವ ಕಾಲೇಜುಗಳು ಮಾತ್ರ ಬೆರಳೆಣಿಕೆಯಷ್ಟು. ಆಮ್ಹರ್ಸ್ಟ್, ಬೋಡಿನ್ ಅಂಥವು. ಬೆಂಗಳೂರಿನಿಂದಲೋ ಧಾರವಾಡದಿಂದಲೋ ಹೊರಟ ಜಾಣ ಹುಡುಗಿಗೆ ಉಳಿದ ಬಹಳಷ್ಟು ಬಾಗಿಲುಗಳು ತೆರೆಯುವುದು ಅಪ್ಪನ ಬ್ಯಾಂಕ್ ದಾಖಲೆ ನೋಡಿದ ಮೇಲೆ.

ಇದಕ್ಕೆ ಸಿಟ್ಟು ಬರಬೇಕು. ಟಿವಿಯವರಿಗೆ ಬರುವುದಿಲ್ಲ, ಏಕೆಂದರೆ ಬೇಯದ ಅನ್ನದಷ್ಟು ಸುಲಭವಾಗಿ ಇದನ್ನು ತೋರಿಸಲಾಗದು. ಕಾಲೇಜುಗಳಿಗೂ ಬರುವುದಿಲ್ಲ, ಏಕೆಂದರೆ ಆ ಶೇ. 1ರವರು ಪೂರ್ತಿ ಶುಲ್ಕ ಕಟ್ಟುವವರು, ಆಮೇಲೆ ದೇಣಿಗೆ ಕೊಡುವವರು.

ಬೇರೆ ದಾರಿಯಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕೆಂಟಕಿಯ ಬೆರಿಯಾ ಕಾಲೇಜು 1855ರಲ್ಲಿ ಗುಲಾಮಗಿರಿ ವಿರೋಧಿ ಪಾದ್ರಿಯೊಬ್ಬರು ಕಟ್ಟಿದ್ದು. ಕಪ್ಪು, ಬಿಳಿ, ಗಂಡು, ಹೆಣ್ಣು ಎಲ್ಲರನ್ನೂ ಒಟ್ಟಿಗೆ ಓದಿಸಿತು. ಅದನ್ನು ನಿಲ್ಲಿಸಲೆಂದೇ ರಾಜ್ಯ 1904ರಲ್ಲಿ ಕಾಯ್ದೆ ತಂದಿತು, 1908ರಲ್ಲಿ ಸುಪ್ರೀಂ ಕೋರ್ಟೂ ಕಾಲೇಜಿನ ವಿರುದ್ಧ ತೀರ್ಪು ಕೊಟ್ಟಿತು. ಆದರೂ ಉಳಿಯಿತು. 1892ರಿಂದ ಅಲ್ಲಿ ಬೋಧನಾ ಶುಲ್ಕವಿಲ್ಲ. ಸೇರುವವರು ಬಹುಪಾಲು ಅಪಲಾಚಿಯ ಬೆಟ್ಟಸೀಮೆಯ ಬಡಮನೆಗಳವರು. ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ದುಡಿಯಬೇಕು: ಕಚೇರಿಯಲ್ಲಿ, ತೋಟದಲ್ಲಿ, ಮಗ್ಗದಲ್ಲಿ, ಪೊರಕೆ ಕಟ್ಟುವ ಶೆಡ್ಡಿನಲ್ಲಿ. ಇದೂ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜೇ. ಸಿರಿವಂತರ ಮುದ್ದು ಮಕ್ಕಳು ಎಂಬ ಹಣೆಪಟ್ಟಿ ಇವರಿಗೆ ಅಂಟುವುದಿಲ್ಲ, ಆದ್ದರಿಂದಲೇ ಇವರ ಸುದ್ದಿ ಯಾರೂ ಎತ್ತುವುದಿಲ್ಲ.

ಬೆರಿಯಾದ ಬಳಿ ನೂರು ಕೋಟಿ ಡಾಲರಿಗೂ ಮೀರಿದ ಮೂಲನಿಧಿ ಇದೆ, ಎಲ್ಲರಿಗೂ ಅದು ಸಾಧ್ಯವೇ ಎಂದು ಕೇಳಬಹುದು. ಅದಕ್ಕಿಂತ ಹೆಚ್ಚು ನಿಧಿ ಇಟ್ಟುಕೊಂಡ ಸಣ್ಣ ಕಾಲೇಜುಗಳು ಹಲವಿವೆ. ವಿಲಿಯಮ್ಸ್, ಆಮ್ಹರ್ಸ್ಟ್, ಸ್ವಾರ್ಥ್‌ಮೋರ್, ಪೊಮೋನ ಅವುಗಳಲ್ಲಿ ಕೆಲವು. ಅವು ನೆರವನ್ನು ಧಾರಾಳವಾಗಿಯೇ ಕೊಡುತ್ತಿವೆ. ಪ್ರಶ್ನೆ ಇರುವುದು, ಯಾರನ್ನು ಒಳಗೆ ಬಿಡಬೇಕೆಂದು ಪ್ರವೇಶದ ಕಚೇರಿಗಳಲ್ಲಿ ಕೂತು ನಿರ್ಧರಿಸುವವರಿಗೆ.

ಆದ್ದರಿಂದ ಈ ಕಾಲೇಜುಗಳನ್ನು ಟೀಕಿಸುವವರಲ್ಲಿ, ಅಲ್ಲಿಗೆ ಮಕ್ಕಳನ್ನು ಕಳಿಸಲು ಯೋಚಿಸುತ್ತಿರುವ ನಮ್ಮ ಕನ್ನಡಿಗರಲ್ಲಿ, ಅಲ್ಲೇ ನೆಲೆಸಿ ಹಳೆಯ ವಿದ್ಯಾರ್ಥಿಗಳಾಗಿರುವವರಲ್ಲಿ ನನ್ನ ಮನವಿ ಇಷ್ಟೇ. ಮಕ್ಕಳ ಘೋಷಣೆ ಎಣಿಸುವುದನ್ನು ಬಿಟ್ಟು ಪ್ರವೇಶದ ಲೆಕ್ಕ ಕೇಳಿ. ನಿಮ್ಮಲ್ಲಿ ಬಡಮನೆಯ ಮಕ್ಕಳೆಷ್ಟು ಎಂದು ಕೇಳಿ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸೀಟಿನಲ್ಲಿ ಕೊಡುವ ಆದ್ಯತೆಯನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳಿ. ಆಮ್ಹರ್ಸ್ಟ್ ಆ ಆದ್ಯತೆಯನ್ನು ಕೈಬಿಡುವುದಾಗಿ 2021ರಲ್ಲೇ ಘೋಷಿಸಿತು, ವೆಸ್ಲಿಯನ್ 2023ರಲ್ಲಿ ಕೈಬಿಟ್ಟಿತು.