ಬಾಟಲಿ ತುಂಬಿಸಿಕೊಂಡು ಹೋದವರೇ, ವರದಿ ಎಲ್ಲಿ?

ಮೂರು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ಬಿಳಿ ಜೀಪೊಂದು ಬಂತು. ಇಳಿದವರು ನಾಲ್ವರು. ಬೋರ್‌ವೆಲ್ ಆನ್ ಮಾಡಿಸಿದರು, ಐದು ನಿಮಿಷ ನೀರು ಹರಿಯಲು ಬಿಟ್ಟರು, ಬಾಟಲಿ ತುಂಬಿಸಿ ಮೇಲೆ ನಂಬರ್ ಚೀಟಿ ಅಂಟಿಸಿದರು. ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡಿ ಫೋಟೊ ತೆಗೆದರು. ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಏನೈತಮ್ಮ ಈ ನೀರ್ನಾಗೆ?" ಅಂತ ಕೇಳಿದರು. "ಲ್ಯಾಬ್‌ನಲ್ಲಿ ನೋಡಿ ಹೇಳ್ತೀವಿ ಅಜ್ಜಿ" ಅಂದಳು ತಂಡದ ಹುಡುಗಿ. ಸುದ್ದಿ ಮಾಡಲು ಹೋಗಿದ್ದ ನಾವು ಅದನ್ನೂ ಬರೆದುಕೊಂಡೆವು.

ಅಜ್ಜಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.

ವರದಿ ಬಂದಿಲ್ಲ ಅಂತಲ್ಲ. ಬಂದಿದೆ, ಇಂಗ್ಲಿಷ್‌ನಲ್ಲಿ, ಹೊರದೇಶದ ಒಂದು ಪತ್ರಿಕೆಯಲ್ಲಿ. ಫೋನ್‌ನಲ್ಲಿ ತೆಗೆದರೆ ಓದಲು ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ. ಸಿಟಿ ಕಾಲೇಜಿನಲ್ಲಿರುವ ಗೆಳೆಯನಿಂದ ಕಾಪಿ ತರಿಸಿಕೊಂಡು ಡಿಕ್ಷನರಿ ಇಟ್ಟುಕೊಂಡು ಓದಿದೆವು. ಊರಿನ ಹೆಸರೇ ಇಲ್ಲ. ಟೇಬಲ್ಲಿನಲ್ಲಿ ಬರೀ ನಂಬರುಗಳು. ಕೆಲವು ನಂಬರಿನ ಮುಂದೆ ಫ್ಲೋರೈಡ್ ಮಿತಿ ಮೀರಿದೆ. ಯಾವ ನಂಬರ್ ಯಾವ ಊರಿನದು ಅಂತ ಅವರ ನೋಟ್‌ಬುಕ್‌ಗೆ ಮಾತ್ರ ಗೊತ್ತು. ಆ ತಂಡದ ಹಿರಿಯರಿಗೆ ಫೋನ್ ಮಾಡಿದೆವು. ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ಜನರಿಗೆ ಇದನ್ನೆಲ್ಲ ಹೇಳಿದರೆ ಸುಮ್ಮನೆ ಗಾಬರಿ ಬೀಳ್ತಾರೆ" ಅಂದರು.

ಸ್ವಾಮಿ, ಗಾಬರಿ ಬೀಳಲಿ ಬಿಡಿ. ಕುಡಿಯುತ್ತಿರುವವರು ನಾವು.

ಫ್ಲೋರೈಡ್ ಹೊಸ ಸುದ್ದಿಯಲ್ಲ. ನಮ್ಮ ದೇಶದಲ್ಲಿ ಈ ರೋಗ ಗೊತ್ತಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಬೋರು ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಬೆರೆತು ನಿಂತಿರುತ್ತದೆ, ಕಲ್ಲಿನ ಫ್ಲೋರೈಡ್ ನೀರಿಗಿಳಿಯುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಾದವರಿಗೆ ಮಂಡಿ, ಸೊಂಟ ಬಿಗಿಯುವುದು. ನಮ್ಮಲ್ಲಿ ಇದಕ್ಕೆ "ವಯಸ್ಸಾಯ್ತು, ಅದಕ್ಕೇ" ಅಂತಾರೆ.

ಇನ್ನೊಂದು ಸಂಗತಿ ಕೇಳಿ. ನೀರು ಸರಿ ಇಲ್ಲ ಅನ್ನುವ ಅನುಮಾನ ಇರುವ ಮನೆಗಳಲ್ಲಿ ನೀರು ಕಾಯಿಸಿ ಕುಡಿಯುತ್ತಾರೆ. ಕಾಯಿಸಿದರೆ ಹುಳ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುವುದರಿಂದ ಅದರ ಪ್ರಮಾಣ ಇನ್ನಷ್ಟು ಗಟ್ಟಿಯಾಗುತ್ತದೆ. ಅಜ್ಜಿಯ ಮನೆಯಲ್ಲೂ ಹಾಗೇ ಮಾಡುತ್ತಿದ್ದಾರೆ, ಸೌದೆ ಉರಿಸಿ. ಈ ಒಂದು ಸಾಲನ್ನು ಕನ್ನಡದಲ್ಲಿ ಬರೆದು ಹಾಲಿನ ಡೇರಿ ಗೋಡೆಗೆ ಅಂಟಿಸಲು ಎಷ್ಟು ಖರ್ಚಾಗುತ್ತಿತ್ತು?

2021ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಇದೇ ಸೀಮೆಯ 73 ಹಳ್ಳಿಗಳ ಅಂತರ್ಜಲ ನೋಡಿ, 57ರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ಮೀರಿದೆ ಎಂದರು. ಪೇಪರಿನಲ್ಲಿ ಒಂದು ದಿನ ಸುದ್ದಿಯಾಯಿತು. ಆಮೇಲೆ? 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬಂದಾಗಲೂ ಇದೇ ಕಥೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಬಿಟ್ಟರು, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟಗಾರರು ಗಂಟಲು ಹರಿದುಕೊಂಡರು. ಕೆರೆ ತುಂಬಿದ್ದಕ್ಕೆ ಸಂತೋಷಪಟ್ಟ ರೈತರೂ ಇದ್ದಾರೆ, ಅದು ಸುಳ್ಳಲ್ಲ. ಆದರೆ ಆ ನೀರಿನಲ್ಲಿ ಏನಿದೆ ಅನ್ನುವ ಜಗಳವೆಲ್ಲ ಕೋರ್ಟಿನಲ್ಲಿ, ಇಂಗ್ಲಿಷ್‌ನಲ್ಲೇ ನಡೆಯಿತು. ಕೆರೆ ಏರಿ ಮೇಲೆ ನಿಂತವನಿಗೆ ನೊರೆ ಮಾತ್ರ ಕಂಡಿತು.

ಇಷ್ಟು ಬರೆದ ಕೂಡಲೇ ನಮ್ಮ ಗ್ರೂಪುಗಳಲ್ಲಿ ಒಬ್ಬರು ಎದ್ದು, "ಈ ಪಿಎಚ್‌ಡಿ ಎಲ್ಲ ದಂಡ, ಸಂಬಳಕ್ಕೆ ಮಾಡ್ತಾರೆ" ಅಂತ ಶುರು ಮಾಡುತ್ತಾರೆ. ಅವರ ಜೊತೆಗೂ ನಮಗೆ ಜಗಳ ಇದೆ. 1917ರಲ್ಲಿ ಆಸ್ಟ್ರಿಯಾದ ಯೋಹಾನ್ ರಾಡೋನ್ ಎಂಬ ಗಣಿತಜ್ಞ ಒಂದು ಲೆಕ್ಕ ಬಿಡಿಸಿದ. ಒಂದು ವಸ್ತುವಿನೊಳಗೆ ನಾನಾ ದಿಕ್ಕಿನಿಂದ ಗೆರೆ ಎಳೆದು, ಒಂದೊಂದು ಗೆರೆಯ ಮೇಲಿನ ಒಟ್ಟು ಮೊತ್ತ ಗೊತ್ತಿದ್ದರೆ, ಒಳಗಿನ ಚಿತ್ರವನ್ನು ಪೂರ್ತಿ ಕಟ್ಟಬಹುದು ಅಂತ. ಆಗ ಯಾವ ಪಂಚಾಯಿತಿ ಸದಸ್ಯನೂ ಅದಕ್ಕೆ ಒಂದು ರೂಪಾಯಿ ಮಂಜೂರು ಮಾಡುತ್ತಿರಲಿಲ್ಲ. 1971ರಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ಆಯಿತು. ಅದರ ಒಳಗಿರುವುದು ಅದೇ ಬಗೆಯ ಲೆಕ್ಕ. ಬೈಕಿನಿಂದ ಬಿದ್ದ ನಮ್ಮ ಹುಡುಗರನ್ನು ಜಿಲ್ಲಾಸ್ಪತ್ರೆಗೆ ಹೊತ್ತೊಯ್ದಾಗ ಡಾಕ್ಟರು ಮೊದಲು ಬರೆಯುವುದು ಅದನ್ನೇ. ಗಣಿತದವರು ಅವರ ಪಾಡಿಗೆ ಲೆಕ್ಕ ಮಾಡಲಿ, ಐವತ್ತು ವರ್ಷ ಬೇಕಾದರೂ ತೆಗೆದುಕೊಳ್ಳಲಿ, ಅವರು ನಮ್ಮ ಮನೆಯಿಂದ ಏನನ್ನೂ ಹೊತ್ತೊಯ್ದಿಲ್ಲ.

ನೀರು, ರಕ್ತ, ಸೊಪ್ಪು, ಬೇರು ಒಯ್ದವರ ಮಾತು ಬೇರೆ.

ಅರಿಶಿನದ ಕಥೆ ನಿಮಗೆ ಗೊತ್ತಿರಬಹುದು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆ ಪೇಟೆಂಟ್ ಪಡೆದಿತ್ತು. ನಮ್ಮ ಸಿಎಸ್‌ಐಆರ್ ಹಳೇ ಪುಸ್ತಕಗಳ ದಾಖಲೆ ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಗೆದ್ದಿದ್ದು ಬರಹದಲ್ಲಿ ಇದ್ದದ್ದಕ್ಕೆ. ನಮ್ಮ ಊರಿನ ಮೂಳೆ ಕಟ್ಟುವವರ, ಕಾಮಾಲೆಗೆ ಔಷಧಿ ಕೊಡುವವರ ತಿಳಿವಳಿಕೆ ಎಲ್ಲಿ ಬರೆದಿದೆ?

ಸರಿಯಾಗಿ ಮಾಡಿದ ಉದಾಹರಣೆಯೂ ಇದೆ. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟಕ್ಕೆ ಹೋದ ಸಸ್ಯ ವಿಜ್ಞಾನಿಗಳಿಗೆ ಏದುಸಿರು. ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಯಾವುದೋ ಸಣ್ಣ ಹಣ್ಣು ತಿಂದುಕೊಂಡು ಸುಸ್ತಿಲ್ಲದೆ ನಡೆಯುತ್ತಿದ್ದರು. ಆ ಗಿಡ ಆರೋಗ್ಯಪಚ್ಚೆ. ಅದರಿಂದ 'ಜೀವನಿ' ಔಷಧಿ ಬಂತು, ಕಂಪನಿ ಕೊಟ್ಟ ಲೈಸೆನ್ಸ್ ಹಣದಲ್ಲಿ, ರಾಯಧನದಲ್ಲಿ ಅರ್ಧ ಕಾಣಿ ಜನರ ಟ್ರಸ್ಟಿಗೆ ಅಂತ ಒಪ್ಪಂದವಾಯಿತು. ಆಮೇಲೆ ತಕರಾರು ಬಂದವು, ಬರದೆ ಇರುತ್ತವೆಯೇ? ಆದರೂ ಕೇಳಿ ಪಡೆದವರು, ಹೇಳಿ ಕೊಟ್ಟರು.

ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇದೆ. ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ಊರಿನ ಗಿಡಮೂಲಿಕೆ, ತಿಳಿವಳಿಕೆ ಬರೆದಿಡುವ ದಾಖಲಾತಿ ಪುಸ್ತಕ ಇರಬೇಕು. ಪಿಡಿಒ ಅವರನ್ನು ಒಂದು ಸಲ ಕೇಳಿ ನೋಡಿ, ಪುಸ್ತಕ ತೋರಿಸಿ ಅಂತ. ನಾವು ಎರಡು ಕಡೆ ಕೇಳಿದೆವು. ಒಂದು ಕಡೆ ಬೀರುವಿನ ಕೀ ಸಿಗಲಿಲ್ಲ.

ಮಲೆನಾಡಿನ ಮಂಗನ ಕಾಯಿಲೆ ನೋಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಂಡಿತು, ಊರಿನ ಹೆಸರೇ ರೋಗದ ಹೆಸರಾಗಿ ಲೋಕದ ವೈದ್ಯ ಪುಸ್ತಕ ಸೇರಿತು. ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದು ಕೈಗೆ ಬರುವ ಮೊದಲೇ ಸೊಪ್ಪಿಗೆ ಕಾಡಿಗೆ ಹೋಗುವವರು ಎಣ್ಣೆ ಹಚ್ಚಿಕೊಂಡು ಹೋಗುವ ಪರಿಸ್ಥಿತಿ ಬಂತು. ಹೆಸರು ಕೊಟ್ಟ ಸೀಮೆಗೆ ಸಿಕ್ಕಿದ್ದು ಉಣುಗು ಓಡಿಸುವ ಎಣ್ಣೆ.

ವೈದ್ಯ ಸಂಶೋಧನಾ ಮಂಡಳಿಯ 2017ರ ನಿಯಮಗಳೇ, ಸಂಶೋಧನೆಯಲ್ಲಿ ಭಾಗಿಯಾದ ಜನರಿಗೂ ಸಮುದಾಯಕ್ಕೂ ಅದರ ಪ್ರಯೋಜನ ತಲುಪಬೇಕು ಅನ್ನುತ್ತವೆ. ನಾವು ಕೇಳುವುದು ಅದಕ್ಕಿಂತ ಕಡಿಮೆ. ಒಂದು ಹಾಳೆ, ಕನ್ನಡದಲ್ಲಿ, ಊರಿನ ಹೆಸರಿನ ಸಮೇತ, ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ. ಅದನ್ನು ಅಂಟಿಸದೆ ಪದವಿ ಕೊಡಬೇಡಿ. ಮುಂದೆ ಯಾರಾದರೂ ಬಾಟಲಿ ಹಿಡಿದು ಬಂದರೆ ನೀವೂ ಹೆಸರು, ಫೋನ್ ನಂಬರ್, ಬಾಟಲಿ ಮೇಲಿನ ನಂಬರ್ ಬರೆದಿಟ್ಟುಕೊಳ್ಳಿ, ಚೀಟಿಯ ಫೋಟೊ ತೆಗೆದಿಡಿ. ಜಲಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆ ಮಾಡುವ ಕಿಟ್ ಇರುತ್ತದೆ, ಅದನ್ನು ಬಳಸಲು ಊರಿನ ಐವರು ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕು ಅಂತಿದೆ. ನಿಮ್ಮ ಊರಿನ ಆ ಐವರು ಯಾರು ಅಂತ ಕೇಳಿ.

ಅಜ್ಜಿಯ ಊರಿನ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು. ಕೇಳಿರುವುದು ಅಜ್ಜಿ ಕೇಳಿದ ಪ್ರಶ್ನೆಯನ್ನೇ, ಸ್ವಲ್ಪ ಸರ್ಕಾರಿ ಭಾಷೆಯಲ್ಲಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದ ದಿನವೇ ಇಲ್ಲಿ ಹಾಕುತ್ತೇವೆ, ಬರದಿದ್ದರೆ ಮೇಲ್ಮನವಿಯ ಕಾಪಿ ಹಾಕುತ್ತೇವೆ.