ದರದ ಲಕೋಟೆ ತೆರೆಯುವ ಮೊದಲೇ ಸೋಲು

ಕರ್ನಾಟಕದಲ್ಲಿ 2023ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರ ಮೀಸಲಾತಿಗೆ ಒಳಪಡುವ ಕಾಮಗಾರಿಗಳ ಮಿತಿ 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿತು. ಸರಿಯಾದ ಹೆಜ್ಜೆಯೇ. ಆದರೆ ದ್ವಿಲಕೋಟೆ ಟೆಂಡರಿನಲ್ಲಿ ತಾಂತ್ರಿಕ ಅರ್ಹತೆ ಸಿಗದಿದ್ದರೆ ದರದ ಲಕೋಟೆಯನ್ನು ತೆರೆಯುವುದೇ ಇಲ್ಲ. ನೆಲಮಂಗಲದ ಸಣ್ಣ ಗುತ್ತಿಗೆದಾರ ಎಷ್ಟೇ ಕಡಿಮೆ ದರ ನಮೂದಿಸಿರಲಿ, ವಹಿವಾಟಿನ ಪ್ರಮಾಣಪತ್ರವೋ ಅನುಭವ ಪತ್ರವೋ ನಿಗದಿತ ನಮೂನೆಯಲ್ಲಿ ಇಲ್ಲದಿದ್ದರೆ ಆ ದರವನ್ನು ನೋಡುವವರಿಲ್ಲ.

ಇಂಥವರ ಬಿಡ್ ಸಿದ್ಧತೆಗೆ ಸರ್ಕಾರ ನೆರವಾಗಬೇಕು. ಹಾಗೆ ಸರ್ಕಾರವೇ ನೆರವಾದರೆ 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆಯ ಆಶಯಕ್ಕೆ ಧಕ್ಕೆ ಎನ್ನುವವರಿದ್ದಾರೆ. ಆ ಆತಂಕವನ್ನು ತಳ್ಳಿಹಾಕಲಾಗದು. ಆದರೆ ದರ ಎಷ್ಟಿರಬೇಕೆಂದು ಪಿಸುಗುಟ್ಟುವುದು ಬೇರೆ, ಯಾವ ದಾಖಲೆ ಹೇಗಿರಬೇಕೆಂದು ಎಲ್ಲರಿಗೂ ಬಹಿರಂಗವಾಗಿ ತಿಳಿಸುವುದು ಬೇರೆ. ಅರ್ಹ ಸ್ಪರ್ಧಿಗಳು ಹೆಚ್ಚಿದಷ್ಟೂ ಒಳಒಪ್ಪಂದ ಕಷ್ಟ, ಲಾಭ ಖಜಾನೆಗೆ. ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲೂ ನೆಲಮಂಗಲವೂ ಸೇರಿ ಜಿಲ್ಲೆಯ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲೂ ಟೆಂಡರ್ ಮಾಹಿತಿ ಕೇಂದ್ರಗಳನ್ನು ಜಿಲ್ಲಾಡಳಿತ ಈ ವರ್ಷವೇ ತೆರೆಯಲಿ.