ಬಾವಿಗೆ ಭವಿಷ್ಯ ಹೇಳಲು ಬಾರದು

ಊರಿನ ಹತ್ತು ಬಾವಿಗಳಿಗೆ ಒತ್ತಡಮಾಪಕ ಇಳಿಬಿಟ್ಟರೆ ಭೂಕಂಪ ಬರುವ ಮುನ್ನವೇ ತಿಳಿದುಬಿಡುತ್ತದೆ ಎಂದು ಶಿವಮೊಗ್ಗದ ನನ್ನ ಮಿತ್ರರೊಬ್ಬರು ಸಾಧಿಸುತ್ತಲೇ ಇದ್ದಾರೆ. ಸಜ್ಜನರು, ಓದಿಕೊಂಡವರು. ಅದರಿಂದಲೇ ನನಗೆ ಭಯ; ನಾಲ್ಕು ಜನ ನಂಬಿಬಿಟ್ಟಾರು.

ಅವರಿಗೆ ಈ ಹುಚ್ಚು ಹತ್ತಿದ್ದು 2021ರ ಜನವರಿ 21ರ ರಾತ್ರಿ. ಹತ್ತು ಗಂಟೆ ದಾಟಿತ್ತು. ಕಿಟಕಿ ಬಾಗಿಲುಗಳು ಗಡಗಡನೆ ನಡುಗಿದವು. ಬೀದಿಯವರೆಲ್ಲ ಹೊದ್ದ ಕಂಬಳಿಯಲ್ಲೇ ಹೊರಗೆ ಬಂದೆವು. ಭದ್ರಾವತಿಯಿಂದ ಅಕ್ಕ ಫೋನು ಮಾಡಿದಳು: "ಇಲ್ಲೂ ನಡುಗಿತು ಕಣೋ. ಮತ್ತೆ ಬರುತ್ತಂತಾ? ಮಕ್ಕಳನ್ನ ಒಳಗೆ ಮಲಗಿಸಲಾ?" ನನ್ನಲ್ಲಿ ಉತ್ತರವಿರಲಿಲ್ಲ. ಅದು ಭೂಕಂಪವಲ್ಲ, ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸಿಡಿಮದ್ದು ಸಿಡಿದದ್ದು, ಕೆಲಸಗಾರರು ಪ್ರಾಣ ಕಳೆದುಕೊಂಡರು ಎಂಬುದು ಆಮೇಲೆ ತಿಳಿಯಿತು. ಭೂಕಂಪವಲ್ಲವೆಂದು ಹೇಳಿದ್ದೂ ಭೂಕಂಪಮಾಪನ ಕೇಂದ್ರಗಳೇ ಹೊರತು ಯಾವ ಬಾವಿಯೂ ಅಲ್ಲ.

ಮಿತ್ರರ ವಾದ ಬುಡವಿಲ್ಲದ್ದೇನೂ ಅಲ್ಲ. ಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ನೀರು ನೆಲ ಹಿಂಡಿದಾಗ ಕೊಳವೆಬಾವಿಯಲ್ಲಿ ಮೇಲೇರುತ್ತದೆ, ಸಡಿಲಿದಾಗ ಇಳಿಯುತ್ತದೆ. 1964ರಲ್ಲಿ ಅಲಾಸ್ಕ ನಡುಗಿದಾಗ ಸಾವಿರಾರು ಮೈಲಿ ದೂರದ ಬಾವಿಗಳಲ್ಲಿ ನೀರು ಓಲಾಡಿತು. ನಮ್ಮ ನೆರೆಯ ಕೊಯ್ನಾ ಪ್ರದೇಶದಲ್ಲಿ, 1967ರ ಭೂಕಂಪ ಕಂಡ ನೆಲದಲ್ಲಿ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು 21 ಕೊಳವೆಬಾವಿಗಳನ್ನು ಕೊರೆದು ಕಾದು ಕುಳಿತರು. ಕಂಪನದ ವೇಳೆಗೆ ನೀರು ಕೆಲವು ಸೆಂಟಿಮೀಟರು ಏರಿಳಿದದ್ದೂ ಕಂಡಿತು. ಆದರೆ ಕಂಪನದ ವೇಳೆಗೆ ಅಲುಗುವುದು ಬೇರೆ, ಮುಂಚಿತವಾಗಿ ಸಾರುವುದು ಬೇರೆ. ಮಿತ್ರರು ಜಾರುವುದು ಇಲ್ಲಿಯೇ.

ಚೀನಾದ ಹೈಚೆಂಗಿನಲ್ಲಿ 1975ರ ಫೆಬ್ರುವರಿಯಲ್ಲಿ ಜನರನ್ನು ಮನೆಗಳಿಂದ ಹೊರಡಿಸಿ ಉಳಿಸಿದರಲ್ಲ ಎನ್ನುತ್ತಾರೆ. ನಿಜ. ಬಾವಿಗಳ ವಿಚಿತ್ರವನ್ನೂ ಅಲ್ಲಿ ಬರೆದಿಟ್ಟಿದ್ದರು; ಆದರೆ ಮುಖ್ಯವಾಗಿ ಎಚ್ಚರಿಸಿದ್ದು ಮೊದಲೇ ಸರಣಿಯಾಗಿ ಬಂದ ಸಣ್ಣ ಕಂಪನಗಳು. ಮರುವರ್ಷ ಜುಲೈಯಲ್ಲಿ ಅದೇ ದೇಶದ ತಾಂಗ್‌ಶಾನ್ ನೆಲಕ್ಕೊರಗಿ 2,40,000ಕ್ಕೂ ಹೆಚ್ಚು ಜನ ಸತ್ತರು. ಆ ನಗರಕ್ಕೆ ಯಾವ ಎಚ್ಚರಿಕೆಯೂ ಬರಲಿಲ್ಲ. ಈ ಎರಡನೆಯ ಕಥೆಯನ್ನು ಮಿತ್ರರು ಹೇಳುವುದೇ ಇಲ್ಲ.

ಅಷ್ಟಕ್ಕೂ ಬಾವಿಯ ನೀರು ಅಲುಗಲು ಭೂಕಂಪವೇ ಬೇಕೆ? ಗಾಳಿಯ ಒತ್ತಡ ಏರಿದರೆ ಇಳಿಯುತ್ತದೆ. ಚಂದ್ರನ ಸೆಳೆತಕ್ಕೆ ಉಬ್ಬಿಳಿಯುತ್ತದೆ. ಪಕ್ಕದ ತೋಟದವನು ಪಂಪು ಹಾಕಿದರಂತೂ ಕೇಳುವುದೇ ಬೇಡ. ಇವೆಲ್ಲವನ್ನೂ ಕಳೆದು ಉಳಿದದ್ದನ್ನು ಗುರುತಿಸಲು ನಿಮಿಷ ನಿಮಿಷಕ್ಕೂ, ವರ್ಷಗಟ್ಟಲೆ ಬರೆದಿಡಬೇಕು. ನಮ್ಮ ಕೇಂದ್ರ ಅಂತರ್ಜಲ ಮಂಡಳಿಯ ಹೆಚ್ಚಿನ ಬಾವಿಗಳನ್ನು ಅಳೆಯುವ ಪದ್ಧತಿ ವರ್ಷಕ್ಕೆ ನಾಲ್ಕು ಸಲ. ಬರದ ಲೆಕ್ಕಕ್ಕೆ ಅದು ಆದೀತು. ಕ್ಷಣದಲ್ಲಿ ಮುಗಿಯುವ ಕಂಪನಕ್ಕೆ ಆಗದು.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಆ ರಾತ್ರಿಯ ನಡುಕದ ಮುನ್ಸೂಚನೆ ಪಾತಾಳದ ನೀರಿನಲ್ಲಿರಲಿಲ್ಲ; ಸಿಡಿಮದ್ದು ಹೊತ್ತ ಲಾರಿಯಲ್ಲಿತ್ತು. ಅದನ್ನು ಕಾಣಲು ಮಾಪಕ ಬೇಕಿರಲಿಲ್ಲ. ಕಣ್ಣೆದುರಿನ ಲಾರಿಯನ್ನು ತಡೆದು ನಿಲ್ಲಿಸದ ನಾವು ಬಾವಿಯೊಳಗೆ ಬಗ್ಗಿ ನೋಡುತ್ತೇವಂತೆ!

ಮಾಪಕ ಇಳಿಬಿಡಲಿ, ಬೇಡವೆನ್ನೆನು. ಬೇಸಿಗೆಯಲ್ಲಿ ನೀರು ಎಷ್ಟು ಇಳಿಯಿತೆಂಬುದಾದರೂ ತಿಳಿದೀತು. ಆದರೆ "ಇನ್ನು ನಿಶ್ಚಿಂತೆಯಿಂದ ಮಲಗು, ಬಾವಿ ಎಬ್ಬಿಸುತ್ತದೆ" ಎಂದು ಅಕ್ಕನಿಗೆ ನಾನು ಹೇಳಲಾರೆ. ಮಿತ್ರರು ಹೇಳುವುದಾದರೆ ಆಕೆಯ ನಂಬರು ಕೊಡುತ್ತೇನೆ.